ಚೈನಿಗೊಂದು ಎಣ್ಣೆಡಬ್ಬಿ

ಅಂಗಡಿಯವನು ಮೂರು ಎಣ್ಣೆಡಬ್ಬಿಗಳನ್ನು ಗಾಜಿನ ಕಪಾಟಿನ ಮೇಲೆ ಸಾಲಾಗಿ ಇಟ್ಟು, ಮೂರು ಮಕ್ಕಳ ತಂದೆಯಂತೆ ಒಂದು ಹೆಜ್ಜೆ ಹಿಂದೆ ಸರಿದು ನಿಂತ.

"ಮೂರೂ ಮಾಡೋದು ಒಂದೇ ಕೆಲಸ ಮೇಡಂ. ಗಾಡಿ ಓಡ್ತಿರುವಾಗ ಚೈನಿಗೆ ತೊಟ್ಟು ತೊಟ್ಟಾಗಿ ಎಣ್ಣೆ ಬಿಡ್ತವೆ. ನೀವು ಬಗ್ಗೋದು ಬೇಡ, ಕೈ ಮಸಿ ಮಾಡ್ಕೊಳ್ಳೋದು ಬೇಡ."

"ಹಾಗಾದ್ರೆ ಮೂರು ಯಾಕೆ?"

"ಒಂದೇ ಇದ್ದಿದ್ರೆ ನೀವು ಇಷ್ಟು ಹೊತ್ತು ನಿಲ್ತಿದ್ರಾ?"

ಅವಳಿಗೆ ನಗು ಬರಲಿಲ್ಲ. ಹೊರಗೆ ಗಿಡ್ಡ ಗೋಡೆಯ ಮೇಲೆ ಅವಳ ತಮ್ಮ ಬಲಗಾಲನ್ನು ಕೋಲಿನಂತೆ ಮುಂದಕ್ಕೆ ಚಾಚಿ ಕುಳಿತು ಕಡಲೆ ಮೆಲ್ಲುತ್ತಿದ್ದ. ಚಿಕ್ಕಂದಿನಲ್ಲಿ ಒಂದು ಕಡೆ ನಿಂತವನಲ್ಲ. ಅದಕ್ಕೇ ಮನೆಯಲ್ಲಿ ಅವನಿಗೆ ಮಿಡತೆ ಎಂದು ಹೆಸರು. ಈಗ ಆ ಮಂಡಿ ಗಾಡಿಯ ಮೇಲೆ ಕೂರುವಷ್ಟು ಮಡಚುತ್ತದೆ, ಕುಕ್ಕರಗಾಲಲ್ಲಿ ಕೂರುವಷ್ಟು ಮಡಚುವುದಿಲ್ಲ.

ಅವನದು ಗುಡ್ಡದ ಮೇಲಿನ ಆರೋಗ್ಯ ಕೇಂದ್ರಗಳಿಂದ ರಕ್ತದ ಮಾದರಿಗಳನ್ನು ಬೈಕಿನಲ್ಲಿ ಪೇಟೆಯ ಲ್ಯಾಬಿಗೆ ತರುವ ಕೆಲಸ. ಅವಳು ಅದೇ ಲ್ಯಾಬಿನಲ್ಲಿ ಆ ಕೊಳವೆಗಳನ್ನು ಎಣಿಸಿ ಒಳಗೆ ತೆಗೆದುಕೊಳ್ಳುವವಳು. ಮಣ್ಣಿನ ದಾರಿ, ಧೂಳು. ಚೈನಿಗೆ ಎಣ್ಣೆ ಹಚ್ಚು ಎಂದು ಅವಳು ಹೇಳುವುದು, ನಾಳೆ ಹಚ್ಚುತ್ತೇನೆ ಎಂದು ಅವನು ಹೇಳುವುದು ಇಬ್ಬರಿಗೂ ರೂಢಿಯಾಗಿತ್ತು. ಒಂದು ದಿನ ಇಳಿಜಾರಿನಲ್ಲಿ ಒಣಗಿದ ಚೈನು ತುಂಡಾಗಿ, ಹಲ್ಲುಚಕ್ರಕ್ಕೆ ಸಿಕ್ಕಿಕೊಂಡು, ಹಿಂದಿನ ಗಾಲಿ ಗಕ್ಕನೆ ನಿಂತಿತು. ಅವನನ್ನು ಎತ್ತಿ ತಂದವರು ಚೈನಿನ ಆ ತುಂಡನ್ನೂ ತಂದಿದ್ದರು, ಅವಳಿಗೆ ಅದು ಬೇಕಾಗಿತ್ತೋ ಎಂಬಂತೆ.

ಮತ್ತೆ ಗಾಡಿ ಹತ್ತಬೇಡ ಎಂದು ಅವಳು ಕೇಳಿದಳು, ಅತ್ತಳು, ಒಂದು ಹೊತ್ತು ಊಟ ಬಿಟ್ಟಳು. ಅವನು ಜಗ್ಗಲಿಲ್ಲ. ಮನೆಯಲ್ಲಿ ಕೂತರೆ ಕಾಲಿನ ಜೊತೆ ತಲೆಯೂ ಕೆಡುತ್ತದೆ ಅಂದ. ಕೊನೆಗೆ ಇಬ್ಬರೂ ಒಂದು ಮಾತಿಗೆ ಬಂದರು: ಅವಳು ಯಾವ ಎಣ್ಣೆಡಬ್ಬಿ ಹೇಳುತ್ತಾಳೋ ಅದನ್ನು ಅವನು ಹಾಕಿಸಿಕೊಳ್ಳಬೇಕು, ಆಮೇಲೆ ಅವಳು ಆ ವಿಷಯ ಎತ್ತಬಾರದು.

ಹೀಗೆ ಅವನ ಜೀವ ಈ ಗಾಜಿನ ಕಪಾಟಿನ ಮೇಲೆ ಬಂದು ಕೂತಿತ್ತು. ಆರಿಸುವುದು ಮಾತ್ರ ಅವಳ ಕೈಯಲ್ಲಿತ್ತು.

ಮೊದಲನೆಯದು ಕೈಯಿಂದ ತಿರುಗಿಸಿ ತೆರೆಯುವಂಥದ್ದು. ಹೊರಡುವಾಗ ತೆರೆಯಬೇಕು, ನಿಂತಾಗ ಮುಚ್ಚಬೇಕು. ಮಿಡತೆ ಮನೆಯ ನಲ್ಲಿಯನ್ನೇ ಮುಚ್ಚುವವನಲ್ಲ. ಅದನ್ನು ಅವಳು ಬದಿಗೆ ಸರಿಸಿದಳು. ಎರಡನೆಯದಕ್ಕೆ ಪುಟ್ಟ ಪಂಪು, ಗಾಡಿಯ ಅಲುಗಾಟ ತಿಳಿಯುವ ಒಂದು ಚಿಪ್, ಬ್ಯಾಟರಿಯಿಂದ ಕರೆಂಟು. ಮೂರನೆಯದಕ್ಕೆ ಕರೆಂಟೇ ಬೇಡ. ಎಂಜಿನ್ ಗಾಳಿ ಹೀರುವ ಸೆಳೆತಕ್ಕೆ ಒಂದು ತೆಳುವಾದ ಕೊಳವೆ ಸೇರಿಸಿದರೆ, ಎಂಜಿನ್ ಶುರುವಾದಾಗ ಡಬ್ಬಿಯ ಬಾಯಿ ತಾನಾಗಿ ತೆರೆಯುತ್ತದೆ, ಆಫ್ ಮಾಡಿದರೆ ಮುಚ್ಚುತ್ತದೆ.

"ಎಲ್ರೂ ಕರೆಂಟಿನದ್ದೇ ತಗೊಳ್ಳೋದು," ಎಂದ ಅಂಗಡಿಯವನು.

"ಎಲ್ರ ಗಾಡಿ ಮೇಲೂ ತಂಪುಪೆಟ್ಟಿಗೆ ಇರಲ್ಲ."

ಅದೇ ಅವಳ ಲೆಕ್ಕ. ಮಾದರಿಗಳ ತಂಪುಪೆಟ್ಟಿಗೆ ಗಾಡಿಯ ಬ್ಯಾಟರಿಯಿಂದಲೇ ನಡೆಯುತ್ತಿತ್ತು. ಒಮ್ಮೆ ಬ್ಯಾಟರಿ ಇಳಿದು ಪೆಟ್ಟಿಗೆ ಬಿಸಿಯಾಗಿ, ಎಳೆಗೂಸೊಂದರ ರಕ್ತವನ್ನು ಎರಡನೇ ಸಲ ತೆಗೆಯಬೇಕಾಗಿ ಬಂದಿತ್ತು. ಆ ತಾಯಿಯ ಮುಖವನ್ನು ಅವಳು ಮರೆತಿರಲಿಲ್ಲ. ಬ್ಯಾಟರಿಯ ಮೇಲೆ ಒಂದು ಕೂದಲಿನಷ್ಟು ಹೊರೆಯೂ ಬೇಡ.

"ಅದು ಕುಡಿಯೋ ಕರೆಂಟು ಇರುವೆ ಕುಡಿಯೋ ನೀರಿದ್ದ ಹಾಗೆ ಮೇಡಂ..."

"ಮೂರನೇದು ಕೊಡಿ."

ಹೊರಗಿನಿಂದ ಮಿಡತೆ ಕೂಗಿದ: "ಆಯ್ತಾ ಅಕ್ಕ? ಇಷ್ಟು ಹೊತ್ತಲ್ಲಿ ನಾನೊಂದು ಬೈಕೇ ಆರಿಸ್ತಿದ್ದೆ!"

"ಬಾಯಿ ಮುಚ್ಕೊಂಡು ಕಡಲೆ ತಿನ್ನು."

ಅಂಗಡಿಯ ಹುಡುಗನಿಗೆ ಬಿಡದೆ ಅವಳೇ ಡಬ್ಬಿ ಕೂರಿಸಿದಳು. ಕೊಳವೆಯ ತುದಿ ಹಲ್ಲುಚಕ್ರವನ್ನು ಎಲ್ಲಿ ಮುಟ್ಟಬೇಕು, ಎಷ್ಟು ಮುಟ್ಟಬೇಕು ಎಂದು ಮಂಡಿಯೂರಿ ನೋಡಿದಳು. ನಿಮಿಷಕ್ಕೆ ಒಂದು ತೊಟ್ಟಿನ ಆಸುಪಾಸಿಗೆ ತಿರುಪು ನಿಲ್ಲಿಸಿದಳು. ಎಣ್ಣೆ ಸಿಡಿದರೆ ಕಾಣಲೆಂದು ಹಿಂದಿನ ಟೈರಿನ ಪಕ್ಕಕ್ಕೆ ಬಿಳಿ ರಟ್ಟು ಕಟ್ಟಿ, ಮನೆಯ ಬೀದಿಯಲ್ಲಿ ಅವನನ್ನು ಮೇಲಕ್ಕೂ ಕೆಳಕ್ಕೂ ಓಡಿಸಿದಳು. ಎದುರುಮನೆಯಾಕೆ ಬಾಗಿಲಿಗೆ ಬಂದು, "ಗಾಡಿ ಕಲೀತಿದ್ದೀಯೇನೋ?" ಎಂದು ಕೇಳಿದಾಗ ಮಿಡತೆ, "ಅಕ್ಕ ಕಲಿಸ್ತಿದ್ದಾಳೆ, ಅವಳಿಗೇ ಬರಲ್ಲ," ಎಂದ. ರಟ್ಟಿನ ಮೇಲೆ ಒಂದು ಚುಕ್ಕೆಯೂ ಬಿದ್ದಿರಲಿಲ್ಲ. ಚೈನು ತೆಳುವಾಗಿ ಮಿನುಗುತ್ತಿತ್ತು. ಬಹಳ ದಿನಗಳ ಮೇಲೆ ಅವಳು ಹೊಟ್ಟೆ ತುಂಬ ಉಂಡಳು.

ಅವನು ಕೆಲಸಕ್ಕೆ ಮರಳಿದ ಬೆಳಿಗ್ಗೆ ಅವಳು ಮಾತಿಗೆ ತಪ್ಪದೆ ಏನೂ ಹೇಳಲಿಲ್ಲ. ಅವನು ಗಾಡಿ ಶುರು ಮಾಡಿ, ಪೆಟ್ಟಿಗೆ ತಂಪಾಗುವವರೆಗೆ ಎಂಜಿನ್ ಆಫ್ ಮಾಡದೆ ಅಲ್ಲೇ ನಿಲ್ಲಿಸಿ, ಒಳಗೆ ಬಂದು ಕಾಫಿ ಕುಡಿದು, ಹೊರಟುಹೋದ. ಒಂದು ಗಂಟೆಯ ಮೇಲೆ ತಾನೂ ಲ್ಯಾಬಿಗೆ ಹೊರಟು ಗೇಟು ಹಾಕಲು ಹೋದಾಗ ಅವಳ ಚಪ್ಪಲಿ ಸಿಮೆಂಟಿನ ಮೇಲೆ ಜಾರಿತು.

ನೆಲದ ಮೇಲೆ ಅಂಗೈಯಗಲದ ಎಣ್ಣೆ.

ಎಲ್ಲೋ ಸೋರಿರಬೇಕು ಎಂದುಕೊಂಡಳು. ಮರುಕ್ಷಣ ಹೊಳೆಯಿತು. ಸೋರಿದ್ದಲ್ಲ. ಡಬ್ಬಿ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತ್ತು. ಎಂಜಿನ್ ನಡೆಯುತ್ತಿದ್ದರೆ ಅದಕ್ಕೆ ಸಾಕು; ಗಾಲಿ ತಿರುಗುತ್ತಿದೆಯೋ ಇಲ್ಲವೋ ಎಂಬುದು ಅದಕ್ಕೆ ಬೇಡ. ನಿಂತಲ್ಲೇ ಗುರುಗುಡುವ ಎಂಜಿನ್ನಿನಲ್ಲಿ ಆ ಸೆಳೆತ ಇನ್ನೂ ಜೋರಾಗಿರುತ್ತದೆ. ಇದನ್ನು ಅವಳು ಕಾಲೇಜಿನಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದಳು. ಮಿಕ್ಕವರ ಗಾಡಿಗಳಲ್ಲಿ ಇದು ದೊಡ್ಡ ಮಾತಲ್ಲ, ನಿಂತರೆ ಎಂಜಿನ್ ಆಫ್ ಮಾಡುತ್ತಾರೆ. ಮಾದರಿ ತರುವವರು ಆಫ್ ಮಾಡುವುದಿಲ್ಲ. ಎಷ್ಟು ಹೊತ್ತು ನಿಂತರೂ ಎಂಜಿನ್ ನಡೆಯುತ್ತಿರಬೇಕು, ಇಲ್ಲವಾದರೆ ಪೆಟ್ಟಿಗೆ ಬಿಸಿಯಾಗುತ್ತದೆ ಎಂದು ಅವರೆಲ್ಲರಿಗೂ ನಿಯಮ ಮಾಡಿದವಳು ಅವಳೇ. ಆಫ್ ಮಾಡಿದವರ ಪೆಟ್ಟಿಗೆಯನ್ನು ಮುಟ್ಟಿ ನೋಡಿಯೇ ಪತ್ತೆ ಹಚ್ಚಿ ಬೈಯುತ್ತಿದ್ದವಳೂ ಅವಳೇ.

ಪ್ರತಿ ಕೇಂದ್ರದಲ್ಲೂ ಅವನು ನಿಲ್ಲುತ್ತಾನೆ. ಪ್ರತಿ ಸಲವೂ ಹಲ್ಲುಚಕ್ರದ ಒಂದೇ ಜಾಗ ಎಣ್ಣೆ ಕುಡಿಯುತ್ತದೆ. ಹೊರಟ ಕೂಡಲೇ ಆ ಹೆಚ್ಚಿನ ಎಣ್ಣೆ ಸಿಡಿಯುವುದು ಚೈನಿರುವ ಬದಿಗೆ, ಟೈರಿನ ಎಡ ಅಂಚಿಗೆ. ನೇರ ದಾರಿಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಎಡಕ್ಕೆ ವಾಲಿದಾಗ.

ಅವನಿಗೆ ಫೋನು ಮಾಡಿದಳು. ಅದು ಹೊಡೆದುಕೊಳ್ಳುತ್ತಲೇ ಇತ್ತು. ಗಾಡಿ ಓಡಿಸುವಾಗ ಫೋನು ಎತ್ತಬಾರದು ಎಂದು ಆಣೆ ಹಾಕಿಸಿಕೊಂಡಿದ್ದಳು. ಯಾವ ಮಾತನ್ನೂ ಕೇಳದವನು ಇದೊಂದನ್ನು ಕೇಳಿದ್ದ. ಅಷ್ಟರಲ್ಲಿ ಅವನು ಕೆಳಗಿನ ಕೇಂದ್ರಗಳನ್ನು ದಾಟಿ ಹೋಗಿಯಾಗಿತ್ತು. ಗುಡ್ಡದ ತುದಿಯ ಕೇಂದ್ರದ ನರ್ಸಮ್ಮ ಫೋನೆತ್ತಿದರು. ಅವರ ದನಿಯ ಹಿಂದೆ ಸೂಜಿ ಚುಚ್ಚಿಸಿಕೊಂಡ ಮಕ್ಕಳ ಅಳು.

"ನನ್ನ ತಮ್ಮ ಬಂದ್ರೆ ಬಿಡಬೇಡಿ. ನಾನು ಬರೋವರೆಗೂ ಹಿಡಿದು ಕೂರಿಸಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಏನಾಯ್ತಮ್ಮಾ? ನಾನೇನು ಪೊಲೀಸಾ ಹಿಡಿದು ಕೂರಿಸೋಕೆ?"

"ಹೇಗಾದ್ರೂ ಮಾಡಿ..."

"ಏಯ್, ಹತ್ತಿ ಬಾಯಿಗೆ ಹಾಕ್ಬೇಡ್ವೋ! ಆಯ್ತು, ನೋಡ್ತೀನಿ ಇಡಿ."

ಗುಡ್ಡ ಹತ್ತುವ ಬಾಡಿಗೆ ಜೀಪಿನಲ್ಲಿ ಅವಳು ಕಿಟಕಿಯ ಪಕ್ಕ ಕುಳಿತಳು. ಪ್ರತಿ ಎಡ ತಿರುವಿನಲ್ಲೂ ಕಣ್ಣು ದಾರಿಯಂಚಿಗೆ ಹೋಗುತ್ತಿತ್ತು. ಒಂದು ಕಡೆ ಧೂಳಿನಲ್ಲಿ ಬಾಗಿದ ಗೀರು ಕಂಡು ಕಿಟಕಿಯಿಂದ ತಲೆ ಹೊರಗೆ ಚಾಚಿದಳು. ಜೀಪು ದಾಟಿದಾಗ ಅದು ಯಾರೋ ಕಟ್ಟಿಗೆ ಎಳೆದ ಗುರುತು ಎಂದು ತಿಳಿಯಿತು. ಪಕ್ಕದ ಅಜ್ಜಿ, "ವಾಂತಿ ಬರೋ ಹಾಗಿದ್ರೆ ಮೊದಲೇ ಹೇಳವ್ವ," ಎಂದು ಸೆರಗು ಎಳೆದುಕೊಂಡಳು. ತನ್ನ ಕೈಯಾರೆ ಕೂರಿಸಿದ್ದೇನೆ. ಅಳತೆ ನೋಡಿ ಕೂರಿಸಿದ್ದೇನೆ. ಒಣ ಚೈನಿನಲ್ಲಿ ಹೋಗಿದ್ದರೂ ಈ ದಿನ ಅವನು ಕ್ಷೇಮವಾಗಿರುತ್ತಿದ್ದ.

ಕೇಂದ್ರದ ಜಲ್ಲಿ ಅಂಗಳದಲ್ಲಿ ಗಾಡಿ ನಿಂತಿತ್ತು. ಎಂಜಿನ್ ನಡೆಯುತ್ತಲೇ ಇತ್ತು. ಬಿದ್ದ ಎಣ್ಣೆಯನ್ನು ಜಲ್ಲಿ ನುಂಗಿ ಏನೂ ಆಗದಂತಿತ್ತು. ಅವಳು ಮೊದಲು ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದಳು. ಆಮೇಲೆ ಅವನನ್ನು ಹುಡುಕಿದಳು.

ಜಗಲಿಯ ಬೆಂಚಿನ ಮೇಲಿದ್ದ. ನರ್ಸಮ್ಮ ಬಾಗಿಲಿನಿಂದಲೇ, "ನಿಮ್ಮ ತಮ್ಮನ ಹೆಲ್ಮೆಟ್ಟು ಔಷಧಿ ಬೀರುವಿನಲ್ಲಿದೆ, ಬೀಗ ಹಾಕಿದ್ದೀನಿ. ಜಗಳ ಆಡ್ತಾನೆ ಅಂದ್ಕೊಂಡಿದ್ದೆ, ಕಮಕ್ ಕಿಮಕ್ ಅನ್ನಲಿಲ್ಲ," ಎಂದು ಒಳಗೆ ಹೋದರು.

ಅವಳು ಪಕ್ಕದಲ್ಲಿ ಕುಳಿತಳು. ಅವನು ಬೈಯುತ್ತಾನೆ ಎಂದು ಕಾದಳು. ಅವನು ತನ್ನ ಬಲ ಮಂಡಿಯನ್ನೇ ನೋಡುತ್ತಿದ್ದ.

"ನೀನು ಬಂದಿದ್ದು ಒಳ್ಳೇದಾಯ್ತು ಅಕ್ಕ. ನನ್ನಿಂದ ಆಗಲ್ಲ."

"ಏನು ಆಗಲ್ಲ?"

"ಗಾಡಿ. ಎರಡು ಸಲ ಜಾರಿತು. ತಿರುವಲ್ಲಿ ಹಿಂದಿನ ಗಾಲಿ ಹೊರಗೆ ಹೋಗುತ್ತೆ. ಈ ಕಾಲು ನಡುಗಿ ಗಾಡಿ ಅಲ್ಲಾಡಿಸ್ತಿದೆ, ನನಗೇ ಗೊತ್ತಾಗ್ತಿಲ್ಲ." ಅವನು ನಗಲು ನೋಡಿದ. "ಕಾಲಲ್ಲ, ಧೈರ್ಯ ಹೋಗಿದೆ. ಮೊದಲು ಈ ದಾರೀಲಿ ಹಾಡ್ಕೊಂಡು ಬರ್ತಿದ್ದೆ ಕಣೇ. ಇನ್ನು ಮುಟ್ಟಲ್ಲ. ಗಾಡಿ ಮಾರಿಬಿಡು. ನೀನು ಗೆದ್ದೆ."

ತಿಂಗಳುಗಟ್ಟಲೆ ಅವಳು ಬೇಡಿಕೊಂಡಿದ್ದು ಇದನ್ನೇ. ಅನ್ನ ಬಿಟ್ಟು ಬೇಡಿದ್ದು ಇದನ್ನೇ. ಈಗ ಅದು ತಾನಾಗಿ ಬಂದು ಮಡಿಲಲ್ಲಿ ಬಿದ್ದಿತ್ತು. ಅವಳು ಮಾಡಬೇಕಾದದ್ದು ಏನೂ ಇರಲಿಲ್ಲ. ನರ್ಸಮ್ಮನಿಗೆ ಕಾರಣ ಹೇಳಿರಲಿಲ್ಲ. ಜಲ್ಲಿ ಗುರುತು ಉಳಿಸಿರಲಿಲ್ಲ. ಬಗ್ಗಿ ಟೈರು ನೋಡಲು ಅವನ ಮಂಡಿ ಬಿಡುವುದಿಲ್ಲ. ಮನೆಯ ಸಿಮೆಂಟನ್ನು ಸೋಪು ಹಾಕಿ ತೊಳೆದರೆ ಮುಗಿಯಿತು. ಅವನು ಬದುಕಿರುತ್ತಾನೆ. ಪ್ರತಿ ದಿನ ಕಣ್ಣೆದುರಿಗೆ ಇರುತ್ತಾನೆ.

ಹೀಗೇ ಇರುತ್ತಾನೆ. ಬೆಂಚಿನ ಮೇಲೆ, ಮಂಡಿ ನೋಡಿಕೊಂಡು, ತನ್ನ ಮೈಯನ್ನೇ ನಂಬದೆ.

"ಏನೇ, ಖುಷಿಯಾಗ್ಲಿಲ್ವಾ?" ಎಂದು ಅವನೇ ಕೇಳಿದ. ಅವಳು ಎದ್ದು ಅಂಗಳಕ್ಕೆ ಹೋಗಿ ಗಾಡಿಯ ಹಿಂದೆ ಮಂಡಿಯೂರಿದಳು. ಟೈರಿನ ಎಡ ಅಂಚಿನ ಮೇಲೆ ಬೆರಳು ಎಳೆದು, ಆ ಬೆರಳನ್ನು ತಂದು ಅವನ ಮುಂದೆ ಹಿಡಿದಳು. ಕಪ್ಪಗೆ ಹೊಳೆಯುತ್ತಿತ್ತು.

"ಜಾರಿದ್ದು ಎಡ ತಿರುವಲ್ಲಿ ತಾನೆ?"

ಅವನು ನೆನಪು ಮಾಡಿಕೊಂಡ. "ಹೂಂ... ಎರಡೂ."

"ನಿನ್ನ ಕಾಲಲ್ಲ. ನಾನು ಆರಿಸಿದ ಡಬ್ಬಿ." ಉಳಿದದ್ದನ್ನೂ ಹೇಳಿದಳು: ಬ್ಯಾಟರಿಯ ಲೆಕ್ಕ, ಎಂಜಿನ್ನಿನ ಸೆಳೆತ, ತನ್ನ ನಿಯಮ, ಬಿಳಿ ರಟ್ಟು. "ಓಡ್ತಿರುವಾಗ ನೋಡಿದೆ. ನಿಂತಾಗ ನೋಡಲೇ ಇಲ್ಲ."

ಮಿಡತೆ ಅವಳ ಬೆರಳನ್ನು ಹಿಡಿದು, ಎಣ್ಣೆಯನ್ನು ತನ್ನ ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಮುಖ ಕೆಂಪೇರಿತು.

"ನನ್ನ ಸಾಯಿಸ್ತಿದ್ದೆಯಲ್ಲೇ!"

"ಹೌದು."

"ಹೌದಂತೆ! ಅಂಗಡಿಯವನು ಬಡ್ಕೊಂಡ, ಕರೆಂಟಿನದ್ದು ತಗೊಳ್ಳಿ ಅಂತ. ಇರುವೆ ಅಂದ, ನೀರು ಅಂದ." ಅವನು ಬೆಂಚು ಹಿಡಿದು ಎದ್ದ. ಕಾಲನ್ನೊಮ್ಮೆ ನೆಲಕ್ಕೆ ಒತ್ತಿ ನೋಡಿದ. ಕಳೆದುಹೋದ ಕಾಲು ವಾಪಸು ಸಿಕ್ಕಿದವನ ಹಾಗೆ ಇನ್ನೊಮ್ಮೆ ಒತ್ತಿದ. "ನರ್ಸಮ್ಮಾ! ಸೋಪಿನ ನೀರು ಕೊಡಿ, ಸ್ಪಿರಿಟ್ ಕೊಡಿ, ನನ್ನ ಹೆಲ್ಮೆಟ್ ಕೊಡಿ!"

ಟೈರನ್ನು ಇಬ್ಬರೂ ಉಜ್ಜಿದರು. ಅವನು ನಿಂತು ನೀರು ಹುಯ್ದ, ಅವಳು ಕುಕ್ಕರಿಸಿ ಉಜ್ಜಿದಳು. ಎಣ್ಣೆಯ ಕೊಳವೆಯನ್ನು ಮಡಚಿ, ನರ್ಸಮ್ಮ ಕೊಟ್ಟ ಗಾಯದ ಪಟ್ಟಿಯಿಂದ ಬಿಗಿಯಾಗಿ ಸುತ್ತಿದಳು. ಟೈರಿನ ರಬ್ಬರು ಕುಡಿದ ಎಣ್ಣೆ ಎಷ್ಟು ಹೋಗಿದೆ, ಎಷ್ಟು ಉಳಿದಿದೆ ಎಂದು ಹೇಳುವಂತಿರಲಿಲ್ಲ.

"ಗಾಡಿ ಇಲ್ಲೇ ಬಿಡು. ಜೀಪಲ್ಲಿ ಹೋಗೋಣ," ಎಂದಳು.

"ಈಗ ಗಾಡೀಲಿ ಗುಡ್ಡ ಇಳೀದಿದ್ರೆ ಇನ್ಯಾವತ್ತೂ ಗಾಡಿ ಹತ್ತಲ್ಲ ಅಕ್ಕ. ನಂಗೊತ್ತು." ಆಮೇಲೆ ದನಿ ತಗ್ಗಿಸಿ, "ಮೆಲ್ಲಗೆ ಬರ್ತೀನಿ. ಜೀಪಿನ ಹಿಂದೇನೇ ಬರ್ತೀನಿ."

ಮಾದರಿಗಳನ್ನು ಮಂಜುಗಡ್ಡೆಯ ಚೀಲಗಳ ನಡುವೆ ಇಟ್ಟು ಅವಳು ಮಡಿಲಲ್ಲಿ ಇಟ್ಟುಕೊಂಡಳು. ಜೀಪಿನ ಹಿಂದಿನ ಸೀಟಿನಲ್ಲಿ, ದಾರಿಗೆ ಬೆನ್ನು ಹಾಕಿ, ಹಿಂದಿನ ಗಾಜಿಗೆ ಮುಖ ಮಾಡಿ ಕೂತಳು. ಇಳಿಜಾರು ಶುರುವಾಯಿತು. ಬಲ ತಿರುವುಗಳಲ್ಲಿ ಅವಳು ಉಸಿರಾಡಿದಳು. ಎಡ ತಿರುವು ಬಂದಾಗ ಜೀಪು ಮೊದಲು ಬಂಡೆಯ ಮರೆಗೆ ಸರಿಯುತ್ತಿತ್ತು, ಅವನು ಕಾಣದಾಗುತ್ತಿದ್ದ, ಗಾಜಿನಲ್ಲಿ ಬರೀ ಧೂಳು ಉಳಿಯುತ್ತಿತ್ತು. ಅವಳು ಮಡಿಲಿನ ಚೀಲವನ್ನು ಒತ್ತಿ ಹಿಡಿದು ಆ ಧೂಳನ್ನೇ ನೋಡುತ್ತಿದ್ದಳು. ಮೊದಲ ತಿರುವಿನಿಂದ ಅವನು ಹೊರಬಂದ. ಎರಡನೆಯದರಿಂದಲೂ ಬಂದ, ಕೈ ಎತ್ತಿ ಏನೋ ಸನ್ನೆ ಮಾಡಿದ. ಎರಡೂ ಕೈಯಲ್ಲಿ ಹಿಡಿಯೋ ಎಂದು ಅವಳು ಗಾಜಿನೊಳಗಿಂದ ಕಿರುಚಿದಳು. ಜೀಪು ಮತ್ತೆ ಎಡಕ್ಕೆ ತಿರುಗಿತು.