ಹಿಮಚಿರತೆಯನ್ನು ನೋಡದ ಕ್ಯಾಮೆರಾ

ನಾನು ಒಂದು ಕ್ಯಾಮೆರಾ. ರೀಲು ತಿನ್ನುವ ಹಳೆಯ ಪೀಳಿಗೆಯದಲ್ಲ, ಬ್ಯಾಟರಿಯ ಬಲದಲ್ಲಿ ಬದುಕುವ ಡಿಜಿಟಲ್ ಪೀಳಿಗೆಯದು. ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ, ಧೂಳು ಸುಳಿಯದ ಬಿಳಿ ಕೋಣೆಯಲ್ಲಿ ಹುಟ್ಟಿದೆ. ಬಾಯಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸರು ನನ್ನ ಅಂಗಾಂಗಗಳನ್ನು ಜೋಡಿಸಿದರು. ಮೊದಲ ಸಲ ಕಣ್ಣು ತೆರೆದಾಗ ಕಂಡದ್ದು ಗೋಡೆಗೆ ಅಂಟಿಸಿದ್ದ ಕಪ್ಪು ಬಿಳಿ ಗೆರೆಗಳ ಹಾಳೆ. ಅದು ಸರಿಯಾಗಿ ಮೂಡಿತೆಂದು ನನ್ನನ್ನು ಡಬ್ಬಿಗೆ ತುಂಬಿ ಕತ್ತಲೆಗೆ ಕಳಿಸಿದರು.

ಕತ್ತಲೆ ಮುಗಿದದ್ದು ಕುಮಟೆಯಲ್ಲಿ. ಅಲ್ಲಿ ಗುರುದಾಸ ರೇವಣಕರ ಎಂಬವರ ಸ್ಟುಡಿಯೋ ಇತ್ತು. ಅವರ ಕೊರಳಲ್ಲಿ ನೇತಾಡುತ್ತ ನಾನು ಕರಾವಳಿಯ ಮದುವೆಗಳನ್ನೆಲ್ಲ ಕಂಡೆ. ಹೋಮದ ಹೊಗೆ ಕುಡಿದೆ, ಉಪ್ಪುಗಾಳಿ ತಿಂದೆ. ಗುರುದಾಸರ ಬೆವರು ನನ್ನ ಬೆನ್ನ ಮೇಲೆ ಹರಿಯುತ್ತಿತ್ತು. ಲೆನ್ಸಿಗೆ ಬೂಷ್ಟು ಹಿಡಿಯಬಾರದೆಂದು ಮಳೆಗಾಲದಲ್ಲಿ ನನ್ನನ್ನು ಬಲ್ಬು ಉರಿಯುವ ಕಪಾಟಿನಲ್ಲಿ ಮಲಗಿಸುತ್ತಿದ್ದರು. ಚಳಿ ಎಂದರೇನು ಎಂಬುದು ನನಗೆ ಗೊತ್ತೇ ಇರಲಿಲ್ಲ.

ಹೊಸ ಕ್ಯಾಮೆರಾ ಬಂದ ವರ್ಷ ಗುರುದಾಸರು ನನ್ನನ್ನು ಅಂಕೋಲೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾಗವೇಣಿ ಗಾಂವ್ಕರ ಅವರ ಕೈಗೆ ಒಪ್ಪಿಸಿದರು.

"ಹಳೇದು ಅಂತ ಹಗುರ ಮಾಡ್ಬೇಡಿ ಅಕ್ಕೋರೇ. ಮದುವೆಮನೆ ಹೊಗೆ ಕುಡಿದು ಗಟ್ಟಿಯಾದ ಜೀವ ಇದು."

"ಹಕ್ಕಿ ಹಿಂದೆ ಓಡೂಕೆ ಗಟ್ಟಿ ಜೀವವೇ ಬೇಕು, ಗುರುದಾಸಣ್ಣ," ಎಂದರು ಅಕ್ಕೋರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನು ಕರೆಯುವುದೇ ಹಾಗೆ.

ಅಕ್ಕೋರು ಒಂಟಿ ಜೀವ, ನೆಟ್ಟಗಿನ ನಡಿಗೆ. ಕೆಸರುಗದ್ದೆಯಲ್ಲಿ ಕೂತರೆ ಕೊಕ್ಕರೆಯಷ್ಟೇ ತಾಳ್ಮೆ. ನಾವು ನದಿ ಸಮುದ್ರ ಕೂಡುವಲ್ಲಿ ಹಕ್ಕಿಗಳನ್ನು ಚಿತ್ರದಲ್ಲಿ ಹಿಡಿದೆವು. ಆದರೆ ಅವರ ಮನಸ್ಸು ಬಹುಕಾಲದಿಂದ ಒಂದೇ ಪ್ರಾಣಿಯ ಮೇಲಿತ್ತು. ಅದು ಹಿಮಚಿರತೆ. ಒಂದು ಜನವರಿಯಲ್ಲಿ ಕೂಡಿಟ್ಟ ರಜೆಯನ್ನೆಲ್ಲ ಹಾಕಿ, ಉದ್ದ ಲೆನ್ಸೊಂದನ್ನು ಎರವಲು ತಂದು, ನನ್ನನ್ನು ಹೆಗಲಿಗೇರಿಸಿ ಲಡಾಖಿಗೆ ಹೊರಟೇಬಿಟ್ಟರು.

ಅಲ್ಲಿಯ ಚಳಿಯನ್ನು ಹೇಗೆ ಹೇಳಲಿ? ಬಾಟಲಿಯ ನೀರು ಕಲ್ಲಾಗಿತ್ತು. ಮೊದಲ ಬೆಳಿಗ್ಗೆ ಗುಡ್ಡದ ಮೇಲೆ ಕಣ್ಣು ತೆರೆದ ಸ್ವಲ್ಪ ಹೊತ್ತಿಗೇ ನನ್ನ ಶಕ್ತಿ ಉಡುಗಿಹೋಯಿತು.

"ಎಂತಾ ಆಯ್ತು ಮಾರಾಯಾ? ಹೊಟ್ಟೆ ತುಂಬ ಚಾರ್ಜ್ ಮಾಡ್ಕಂಡೇ ಬಂದಿದ್ದೆ ಅಲ್ವಾ?" ಎಂದು ಅಕ್ಕೋರು ನನ್ನನ್ನೇ ಕೇಳಿದರು.

ಬ್ಯಾಟರಿ ಖಾಲಿಯಾಗಿರಲಿಲ್ಲ, ಮರಗಟ್ಟಿತ್ತು. ಅಂದಿನಿಂದ ಅವರು ಬ್ಯಾಟರಿಗಳನ್ನು ಒಳಅಂಗಿಯ ಜೇಬಿನಲ್ಲಿ, ಮೈಗೆ ತಾಗಿಸಿ ಇಟ್ಟುಕೊಂಡರು. ಒಂದು ಸೋತರೆ ಅದನ್ನು ಕಾಯಲು ಹಾಕಿ ಇನ್ನೊಂದನ್ನು ನನಗೆ ಕೊಡುತ್ತಿದ್ದರು. ಕೆನ್ನೆ ತಾಗಿದರೆ ಚರ್ಮ ಅಂಟಿಕೊಳ್ಳುತ್ತದೆಂದು ನನ್ನ ಲೋಹದ ಭಾಗಗಳಿಗೆ ಬಟ್ಟೆಯ ಪಟ್ಟಿ ಸುತ್ತಿದರು. ಉಸಿರು ತಾಗಿ ಗಾಜಿನ ಮೇಲೆ ಮಂಜು ಹೆಪ್ಪುಗಟ್ಟದಂತೆ ಮುಖ ಪಕ್ಕಕ್ಕೆ ತಿರುಗಿಸಿ ಉಸಿರಾಡಿದರು.

ನಾವು ಇಳಿದುಕೊಂಡಿದ್ದು ಯಾಂಗ್‌ಡೋಲ್ ಎಂಬಾಕೆಯ ಮನೆಯಲ್ಲಿ. ಆಕೆಯ ತಮ್ಮ ರಿಗ್ಜಿನ್ ನಮಗೆ ದಾರಿ ತೋರಿಸುತ್ತಿದ್ದ. ಆ ಇಬ್ಬರ ಮುದಿ ತಂದೆಯನ್ನು ಊರೆಲ್ಲ ಮೇಮೇ, ಎಂದರೆ ಅಜ್ಜ, ಎಂದೇ ಕರೆಯುತ್ತಿತ್ತು. ಅಡುಗೆಮನೆಯಲ್ಲಿ ಸಗಣಿ ಬೆರಣಿಯ ಒಲೆ ಸದಾ ಉರಿಯುತ್ತಿತ್ತು. ನನಗೆ ಮಾತ್ರ ಅಲ್ಲಿಗೆ ಪ್ರವೇಶವಿರಲಿಲ್ಲ. ಅಕ್ಕೋರು ನನ್ನನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಹೊರಗಿನ ತಣ್ಣನೆ ಕೋಣೆಯಲ್ಲೇ ಬಿಡುತ್ತಿದ್ದರು.

"ಪಾಪ, ಅದಕ್ಕೂ ಒಲೆ ಹತ್ತಿರ ಜಾಗ ಕೊಡಿ," ಎಂದಳು ಯಾಂಗ್‌ಡೋಲ್.

ಅಕ್ಕೋರು ತಮ್ಮ ಮುರುಕು ಹಿಂದಿಯಲ್ಲಿ ವಿವರಿಸಿದರು. "ಹೊರಗಿಂದ ಬಂದ ಕೂಡಲೇ ಮೇಮೇ ಕನ್ನಡಕ ಮಂಜಾಗಿ ಏನೂ ಕಾಣದೆ ನಿಲ್ತಾರಲ್ಲ, ಹಾಗೆಯೇ. ಕನ್ನಡಕ ಒರೆಸಬಹುದು. ಇದರ ಒಳಗೆ ನೀರು ಹನಿಗಟ್ಟಿದರೆ ಒರೆಸುವವರು ಯಾರು?"

ಮೇಮೇ ಹಲ್ಲಿಲ್ಲದ ಬಾಯಿ ತೆರೆದು ನಕ್ಕ.

ದಿನಗಳು ಹೋದವು. ಹಿಮಚಿರತೆಯ ಹೆಜ್ಜೆ ಕಂಡೆವು, ಅದು ಕೆರೆದ ನೆಲ ಕಂಡೆವು, ಅದನ್ನು ಕಾಣಲಿಲ್ಲ. ಹಾಗಿರುವಾಗ ಒಂದು ಮಧ್ಯಾಹ್ನ ಮೇಮೇ, ತಪ್ಪಿಸಿಕೊಂಡ ಚಮರಿ ಹಸುವನ್ನು ಹುಡುಕುತ್ತ ಹೋದವನು, ಹಿಮ ಬಿದ್ದು ಕತ್ತಲಾದರೂ ಮರಳಲಿಲ್ಲ. ಊರವರು ದೀವಟಿಗೆ ಹಿಡಿದು ಹುಡುಕಿ ಬರಿಗೈಯಲ್ಲಿ ಬಂದರು. ಬೆಳಗಾದೊಡನೆ ಗಂಡಸರು ನದಿಯ ಕೆಳಬದಿಗೆ ಹೊರಟರು. ರಿಗ್ಜಿನ್ ಮತ್ತು ಅಕ್ಕೋರು ನಾವು ದಿನವೂ ಕೂರುತ್ತಿದ್ದ ಗುಡ್ಡಕ್ಕೆ ಹತ್ತಿದರು.

ಅಕ್ಕೋರು ಎದುರಿನ ಬೆಟ್ಟವನ್ನು ಮೂಲೆಮೂಲೆಯಾಗಿ ನನ್ನ ಕಣ್ಣಿನಿಂದ ಜಾಲಾಡಿದರು. ಒಂದು ಕೊರಕಲಿನಲ್ಲಿ, ಚಾಚಿದ ಬಂಡೆಯ ಕೆಳಗೆ, ಸಣ್ಣ ಕಪ್ಪು ಚುಕ್ಕೆ ಇತ್ತು. ಬಟನ್ ಒತ್ತಿದರು. ಚಿತ್ರವನ್ನು ದೊಡ್ಡದು ಮಾಡಿದರು. ಚಳಿಗೆ ನನ್ನ ಬೆನ್ನಿನ ತೆರೆ ಜಡವಾಗಿತ್ತು. ಚಿತ್ರ ನಿಧಾನವಾಗಿ ಮೂಡಿತು. ಚುಕ್ಕೆಗೆ ಮೊಣಕಾಲುಗಳಿದ್ದವು. ಸೊಂಟದಲ್ಲಿ ಕೆಂಪು ಪಟ್ಟಿ ಇತ್ತು.

"ಅಪ್ಪ!" ಎಂದ ರಿಗ್ಜಿನ್. ಬರಿಗಣ್ಣಿಗೆ ಅಲ್ಲಿ ಏನೂ ಕಾಣುತ್ತಿರಲಿಲ್ಲ. ಒಂದರಂತೆ ಒಂದಿರುವ ಕೊರಕಲುಗಳು, ಮೇಲಿಂದ ಇಳಿಯುತ್ತಿದ್ದ ಮೋಡ. "ಕೆಳಗಿಂದ ಹತ್ತಲಾಗುವುದಿಲ್ಲ. ಮೇಲಿಂದ ಹಗ್ಗ ಬಿಡಬೇಕು. ಮೇಲಿಂದ ಅದು ಯಾವ ಕೊರಕಲೋ ನನಗೆ ತಿಳಿಯದು. ಅಲ್ಲಿ ಕುರಿ ಮೇಯಿಸಿದ ನನ್ನ ಅಕ್ಕನಿಗೆ ಗೊತ್ತಾದೀತು. ನೀವು ಹೋಗಿ ತೋರಿಸಿ. ನಾನು ಬುಡದಲ್ಲಿ ನಿಂತು ಕೂಗುತ್ತಿರುತ್ತೇನೆ. ಈ ಚಳಿಯಲ್ಲಿ ಅಪ್ಪ ನಿದ್ದೆ ಹೋಗಬಾರದು."

ಅಕ್ಕೋರ ಫೋನು ಚಳಿಗೆ ಮೊದಲೇ ಸತ್ತಿತ್ತು. ನನ್ನ ಬ್ಯಾಟರಿಗಳೂ ಮುಗಿದು ಒಂದೇ ಉಳಿದಿತ್ತು, ಅದೂ ಕೆಂಪು ಗುರುತು ತೋರಿಸುತ್ತಿತ್ತು. ಊರಲ್ಲಿ ಸೋಲಾರ್ ಕರೆಂಟು ಬರುತ್ತಿದ್ದುದು ಸಂಜೆಗೆ ಮಾತ್ರ. ಅವರು ನನ್ನ ಕಣ್ಣು ಮುಚ್ಚಿ, ಬ್ಯಾಟರಿ ತೆಗೆದು ಎದೆಯ ಬಳಿ ಇಟ್ಟುಕೊಂಡು, ನನ್ನನ್ನು ಜಾಕೆಟ್ಟಿನೊಳಗೆ ತುರುಕಿ ಓಡತೊಡಗಿದರು.

ಅರ್ಧ ದಾರಿಯಲ್ಲಿ ಅವರು ತಟ್ಟನೆ ನಿಂತರು.

ನನಗೆ ಕಂಡದ್ದು ಕತ್ತಲೆ ಮಾತ್ರ. ಆದರೆ ಅವರ ಎದೆ ನನ್ನ ಬೆನ್ನಿಗೆ ಬಡಿಯುತ್ತಿತ್ತು. ಅವರ ಕೈ ಜಾಕೆಟ್ಟಿನೊಳಗೆ ಬಂತು, ನನ್ನನ್ನು ಹಿಡಿಯಿತು. ಹಿಡಿದೇ ಇತ್ತು. ಎಲ್ಲೋ ಹತ್ತಿರದಲ್ಲಿ ಹಿಮದ ಮೇಲೆ ಮೆತ್ತನೆಯ ಹೆಜ್ಜೆ ಸಪ್ಪಳ, ಒಂದು ಸಣ್ಣ ಕಲ್ಲು ಉರುಳಿದ ಸದ್ದು.

"ಎಷ್ಟು ಚಂದ ಇದ್ದೀಯೆ," ಎಂದರು ಅಕ್ಕೋರು, ಉಸಿರಿನಷ್ಟೇ ಮೆಲ್ಲಗೆ.

ಆಮೇಲೆ ಕೈ ನನ್ನನ್ನು ಬಿಟ್ಟು ಖಾಲಿಯಾಗಿ ಹೊರಗೆ ಹೋಯಿತು. ಅವರು ಮತ್ತೆ ಓಡಿದರು.

ಮನೆಯ ಬಾಗಿಲಲ್ಲೇ ನನಗೆ ಬ್ಯಾಟರಿ ಹಾಕಿ ಯಾಂಗ್‌ಡೋಲಳನ್ನು ಕೂಗಿದರು. ತೆರೆ ಒಮ್ಮೆ ಮಿಣುಕಿ ಆರಿತು. ಇನ್ನೊಮ್ಮೆ ಮಿಣುಕಿ ಆರಿತು. ಬ್ಯಾಟರಿ ಬೆಚ್ಚಗಿದ್ದರೂ ನನ್ನ ಮೈಯೇ ಮರಗಟ್ಟಿತ್ತು. ಒಳಗೆ ಒಲೆ ಧಗಧಗ ಉರಿಯುತ್ತಿತ್ತು, ಪಾತ್ರೆಯಿಂದ ಹಬೆ ಏಳುತ್ತಿತ್ತು. ಅಕ್ಕೋರು ಒಂದು ಗಳಿಗೆ ಹೊಸ್ತಿಲಲ್ಲಿ ನನ್ನನ್ನು ನೋಡಿದರು.

"ತಪ್ಪಾಯ್ತು ಮಾರಾಯಾ," ಎಂದು ನನ್ನನ್ನು ಒಲೆಯ ಮುಂದಕ್ಕೆ ಒಯ್ದರು.

ನನ್ನ ಮೈಯೆಲ್ಲ ಬೆವರಿತು. ಲೆನ್ಸು ಬೆಳ್ಳಗಾಯಿತು. ಒಳಗೊಳಗೇ ನೀರು ಹನಿಯುವುದು ನನಗೆ ತಿಳಿಯಿತು. ಅಕ್ಕೋರು ಬ್ಯಾಟರಿಯನ್ನು ಅಂಗೈಯಲ್ಲಿ ಉಜ್ಜಿ ಒಲೆಗೆ ಕಾಯಿಸಿ ಮತ್ತೆ ಹಾಕಿದರು, ತೆರೆಯನ್ನು ಶಾಲಿನಿಂದ ಒರೆಸುತ್ತಲೇ ಇದ್ದರು. ನಾನು ಉಳಿದ ಬಲವನ್ನೆಲ್ಲ ಕೂಡಿಸಿ ಬೆಳಗಿದೆ. ಯಾಂಗ್‌ಡೋಲ್ ಬಾಗಿ ನೋಡಿದಳು.

"ಇದು ಹದ್ದಿನ ಗೂಡಿನ ಕೊರಕಲು! ಆ ಸೀಳಿದ ಬಂಡೆ ನೋಡಿ!" ಎಂದವಳೇ ಹಗ್ಗ ಹೆಗಲಿಗೆ ಹಾಕಿಕೊಂಡು, ನೆರೆಯವರನ್ನು ಕೂಗುತ್ತ ಓಡಿದಳು. ಅಕ್ಕೋರೂ ಹಿಂದೆ ಓಡಿದರು. ಒಲೆಯ ಪಕ್ಕದಲ್ಲಿ ನಾನೊಬ್ಬನೇ ಉಳಿದೆ. ತೆರೆಯ ಮೇಲೆ ಮೇಮೇಯ ಚಿತ್ರ ಸ್ವಲ್ಪ ಹೊತ್ತು ಇದ್ದು, ಆರಿತು.

ಸಂಜೆಗೆ ಅವನನ್ನು ಹೊತ್ತು ತಂದರು. ಹಿಮಕ್ಕೆ ಮರಗಟ್ಟಿದ ಕಾಲ್ಬೆರಳುಗಳು ಉಳಿಯಲಿಲ್ಲ, ಮೇಮೇ ಉಳಿದ. ಮನೆ ತುಂಬ ಜನ, ಅಳು, ನಗು, ಬೆಣ್ಣೆಚಹಾ. ನನ್ನ ನೆನಪು ಯಾರಿಗೂ ಬರಲಿಲ್ಲ. ಬರುವ ಹೊತ್ತೂ ಅದಾಗಿರಲಿಲ್ಲ.

ಕುಮಟೆಯಲ್ಲಿ ಗುರುದಾಸರು ನನ್ನನ್ನು ಬಿಚ್ಚಿ ನೋಡಿ ತಲೆಯಾಡಿಸಿದರು. "ಒಳಗೆಲ್ಲ ನೀರು ಕೂತು ತುಕ್ಕು ಹಿಡಿದದೆ ಅಕ್ಕೋರೇ. ಚಳಿಯಿಂದ ಸೀದಾ ಬಿಸಿಗೆ ತರಬಾರದು ಅಂತ ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು," ಎಂದರು ಅಕ್ಕೋರು. ಗುರುದಾಸರು ನನ್ನನ್ನು ಮೆತ್ತನೆ ಬಟ್ಟೆಯಿಂದ ಒರೆಸಿ ಮರಳಿ ಕೊಟ್ಟರು.

ಈಗ ನಾನು ಅಕ್ಕೋರ ಮನೆಯ ಪುಸ್ತಕದ ಕಪಾಟಿನಲ್ಲಿದ್ದೇನೆ. ಕಣ್ಣು ಕಾಣುವುದಿಲ್ಲ, ಕಿವಿ ಕೇಳಿಸುತ್ತದೆ. ಕೆಲವೊಮ್ಮೆ ಯೋಚಿಸುತ್ತೇನೆ. ಎಷ್ಟೋ ವಧುಗಳ ಮುಖ ಕಂಡ ನನಗೆ ಆ ಹಿಮಚಿರತೆಯ ಒಂದು ಕೂದಲೂ ಕಾಣಲಿಲ್ಲ. ಬೇಸರವಿಲ್ಲವೆಂದರೆ ಸುಳ್ಳಾದೀತು. ಬಂದವರಿಗೆ ಅಕ್ಕೋರು ಅದರ ಬಾಲದ ದಪ್ಪ, ಕಣ್ಣಿನ ಮಂಕು ಹಸಿರು, ಹೋಗುವಾಗ ಅದು ತಿರುಗಿ ನೋಡಿದ ಬಗೆ, ಎಲ್ಲ ಹೇಳುತ್ತಾರೆ. ನಾನೂ ಅದನ್ನು ಕೇಳಿಯೇ ತಿಳಿದದ್ದು.

ಮೊನ್ನೆ ಬೇಸಿಗೆಯಲ್ಲಿ ಅಕ್ಕೋರ ಫೋನಿಗೆ ಯಾಂಗ್‌ಡೋಲಳ ವಿಡಿಯೋ ಕರೆ ಬಂತು. ಮೇಮೇ ಕೋಲು ಹಿಡಿದು ಅಂಗಳದಲ್ಲಿ ಓಡಾಡುತ್ತಿದ್ದಾನಂತೆ. ಹಿಂದೆ ಅವನ ಸ್ವರ ಕೇಳಿಸಿತು. ಯಾಂಗ್‌ಡೋಲ್ ನಗುತ್ತ ಹೇಳಿದಳು, "ಅಪ್ಪ ಕೇಳುತ್ತಿದ್ದಾರೆ, ತನ್ನನ್ನು ಹುಡುಕಿದ ಆ ಕಣ್ಣು ಹೇಗಿದೆ ಅಂತ."

ಅಕ್ಕೋರು ನನ್ನನ್ನು ಕಪಾಟಿನಿಂದ ಇಳಿಸಿ ಫೋನಿನ ಮುಂದೆ ಹಿಡಿದರು. ಆಚೆ ಕೋಲೂರುವ ಸದ್ದು ಹತ್ತಿರ ಬಂತು. ಆಮೇಲೆ ಮೇಮೇ ಒಂದೇ ಮಾತು ಹೇಳಿದ.

"ಜೂಲೇ."

ಲಡಾಖಿನಲ್ಲಿ ನಮಸ್ಕಾರಕ್ಕೂ ಅದೇ, ಉಪಕಾರ ನೆನೆಯುವುದಕ್ಕೂ ಅದೇ ಮಾತು. ಉತ್ತರ ಕೊಡಲು ನನಗೆ ಬಾಯಿಲ್ಲ. ಅಕ್ಕೋರು ನನ್ನನ್ನು ಎರಡೂ ಕೈಯಲ್ಲಿ ಹಿಡಿದು, ಮನುಷ್ಯರು ತಲೆ ಬಾಗಿಸುವ ಹಾಗೆ ಮೆಲ್ಲಗೆ ಮುಂದಕ್ಕೆ ಬಾಗಿಸಿದರು.