ಮರಗತ್ತಾಳೆಯ ಹರಕೆ

ಮಗಳು ದೆಲ್ಫಿನಾ ಇನ್ನೂ ತೊದಲು ಮಾತಿನವಳಿದ್ದಾಗ ಎದೆಯಲ್ಲಿ ಕಫ ಕಟ್ಟಿ ಉಸಿರಿಗಾಗಿ ಒದ್ದಾಡಿದ್ದಳು. ಆಗ ಓತಿಲಿಯಾ ಊರಿನ ಚರ್ಚಿಗೆ ಓಡಿ, ಬಾಲಯೇಸುವಿನ ಮುಂದೆ ಮಂಡಿಯೂರಿ ಹರಕೆ ಹೊತ್ತಳು. "ಇವಳನ್ನ ನನಗೆ ಬಿಟ್ಕೊಡಪ್ಪಾ. ನಿನ್ನ ಗೋದಲಿ ಕಟ್ಟೋ ಸರದಿ ನಮ್ಮನೆಗೆ ಬಂದ ವರ್ಷ, ನೆಲದಿಂದ ಸೂರಿನ ತನಕ ಕೆಂಪು ಮರಗತ್ತಾಳೆ ತುಂಬಿಸ್ತೀನಿ. ಊರಲ್ಲಿ ಯಾರೂ ಅಂಥದ್ದು ಕಂಡಿರಬಾರದು."

ಮಗು ಉಳಿಯಿತು. ಸರದಿ ಈ ವರ್ಷ ಬಂತು.

ವಹಾಕಾ ಸೀಮೆಯ ಆ ಬೆಟ್ಟಸಾಲಿನಲ್ಲಿ, ಯೇಸು ಹುಟ್ಟಿದ ಕೊಟ್ಟಿಗೆಯನ್ನು ಹಬ್ಬಕ್ಕೆ ಕಟ್ಟಿ ತೋರಿಸುವಾಗ, ಮರಗತ್ತಾಳೆ ಇಲ್ಲದ ಗೋದಲಿಯನ್ನು ಯಾರೂ ಗೋದಲಿ ಎನ್ನುವುದಿಲ್ಲ. ಓಕ್ ಮರಗಳ ಕೊಂಬೆಗೇ ಬೇರು ಕಚ್ಚಿ, ಎಲೆಗಳ ಬಟ್ಟಲಲ್ಲಿ ಮಳೆನೀರು ಹಿಡಿದುಕೊಂಡು ಬೆಳೆಯುವ ಗಿಡ ಅದು. ಪ್ರತಿ ಕ್ರಿಸ್‌ಮಸ್‌ಗೂ ಒಂದೊಂದು ಮನೆಯವರು ಕಿತ್ತು ಕಿತ್ತು, ಊರ ಹತ್ತಿರದ ಓಕ್ ಮರಗಳೆಲ್ಲ ಪುಕ್ಕ ತರಿದ ಕೋಳಿಯಂತಾಗಿದ್ದವು. ಉಳಿದಿದ್ದದ್ದು ಮೇಲಿನ ಒರತೆಯ ಕೊರಕಲಿನಲ್ಲಿ ಮಾತ್ರ.

"ಪಕ್ಕದೂರಿನೋರೂ ನೋಡೋಕೆ ಬರ್ತಾರಂತೆ ಕಣೇ," ಎಂದಳು ಪಕ್ಕದ ಮನೆಯ ಮಕ್ರೀನಾ, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು. "ಅಷ್ಟು ದೊಡ್ಡ ಬಾಯಿ ಮಾಡಿದ್ದೀಯ, ಈಗ ಬೆನ್ನು ಬಗ್ಗಿಸು."

"ನೆಟ್ಟಗಿದ್ದದ್ದು ಯಾವಾಗ ಅಕ್ಕಾ? ಗರಗಸದ ಮಿಲ್ಲಿನೋರಿಗೆಲ್ಲ ತೋರ್ತಿಯಾ ರೊಟ್ಟಿ ತಟ್ಟೀ ತಟ್ಟೀ ಬಗ್ಗೇ ಹೋಗಿದೆ."

ಮೂಲೆಯಲ್ಲಿ ಬೀನ್ಸ್ ಆರಿಸುತ್ತಿದ್ದ ಅತ್ತೆ ಸೆನಾಯ್ದಾ ನಗಲಿಲ್ಲ. "ಮಾತು ಕೊಟ್ಟಿರೋದು ಗೋದಲಿಯ ಆ ಕೂಸಿಗೆ ಕಣಮ್ಮ. ಅದು ಮರೆಯಲ್ಲ. ಕೊಟ್ಟಿದ್ದನ್ನ ವಾಪಸ್ ಕೇಳೋದೂ ಅದಕ್ಕೆ ಗೊತ್ತು."

ಆ ವಾರ ದೆಲ್ಫಿನಾ ಮತ್ತೆ ಕೆಮ್ಮುತ್ತಿದ್ದಳು. ಓತಿಲಿಯಾ ಗೋಣಿಚೀಲ ಮಡಚಿಟ್ಟುಕೊಂಡಳು.

ಮರುದಿನ ಬೆಳಿಗ್ಗೆ ತಾಯಿ ಮಗಳು ಕೊಕ್ಕೆಕೋಲು ಹಿಡಿದು ಬೆಟ್ಟ ಹತ್ತಿದರು. "ಮನೇಲೇ ಇರು" ಎಂದರೆ ಹುಡುಗಿ ಕೇಳಿರಲಿಲ್ಲ. ಹುಲ್ಲಿನ ಮೇಲೆ ಹಿಮ ಉಪ್ಪಿನಂತೆ ಬಿದ್ದಿತ್ತು. ಕೊರಕಲಿಗೆ ಇಳಿದರೆ, ಬೂದುಬಣ್ಣದ ಕಲ್ಲುಹೂವು ಗಡ್ಡದಂತೆ ಇಳಿಬಿದ್ದ ಓಕ್ ಮರಗಳು. ಕೊಂಬೆ ಕೊಂಬೆಗೂ ಕೆಂಪು ಮರಗತ್ತಾಳೆ. ಓತಿಲಿಯಾಳ ಎದೆ ಹಗುರಾಯಿತು. ಸೂರಿನ ತನಕ ಏನು, ಸೂರಿನಾಚೆಗೂ ಸಾಲುತ್ತಿತ್ತು.

ಮೇಲೆ ಯಾರೋ ಮೂಗಿನಲ್ಲಿ ಗೊಣಗಿದಂತಾಯಿತು. ಜೇ ಹಕ್ಕಿಗಳು. ಕಾಗೆಯ ಕುಲದವೇ ಆದರೂ ಮೈನಾಗಿಂತ ತೆಳ್ಳಗೆ. ಬೂದಿ ಬೆರೆತ ನೀಲಿ ಮೈ, ಕಣ್ಣಿಗೆ ಕಪ್ಪು ಪಟ್ಟಿ, ಗಂಟಲು ಮಾತ್ರ ತಿಳಿ. ಓತಿಲಿಯಾ ಹುಟ್ಟಿದಾಗಿನಿಂದ ಬಲ್ಲ ಹಕ್ಕಿಗಳು. ಊರ ಬೇಲಿಗೆ ಬಾರವು, ಜೋಳ ಕದಿಯವು, ಈ ಕಾಡು ಬಿಟ್ಟು ಕೆಳಗಿಳಿಯವು.

"ಅವು ಗೂಡು ಕಟ್ಟೋದು ಆ ಕಲ್ಲುಹೂವಲ್ಲೇ," ಎಂದಳು ಮಗಳಿಗೆ. "ಗಂಡು ಹೆಣ್ಣು ಇಬ್ರೂ ಹೊತ್ತು ತರ್ತವೆ. ಹೆಣ್ಣು ಕಾವು ಕೂತ್ರೆ ಗಂಡೇ ತುತ್ತು ತಂದು ಬಾಯಿಗಿಡುತ್ತೆ."

"ಅಪ್ಪ ನಿಂಗೆ ತುತ್ತು ಕೊಟ್ಟಿದ್ರಾ?"

"ನಿಮ್ಮಪ್ಪ ತಟ್ಟೆ ಎತ್ತಿಟ್ರೆ ಸಾಕಾಗಿದೆ ಮಾರಾಯ್ತಿ."

ಕೋಲೆತ್ತಿ ದೊಡ್ಡ ಗಿಡವೊಂದಕ್ಕೆ ಕೊಕ್ಕೆ ಹಾಕಿ ಎಳೆದಳು. ಅದು ಕಿತ್ತು ಬರುವಾಗ ಹೊಟ್ಟೆಯ ನೀರನ್ನೆಲ್ಲ ಅವಳ ತಲೆಯ ಮೇಲೆ ಸುರಿಯಿತು. ಹಿಮದ ನೀರು. ದೆಲ್ಫಿನಾ ಕೆಮ್ಮಿ ಕೆಮ್ಮಿ ನಕ್ಕಳು. ನೀರಿನ ಜೊತೆ ಕೊಳೆತ ಎಲೆ, ಹುಳ, ಜೇಡ, ಬೆರಳಷ್ಟು ಸಣ್ಣ ಒದ್ದೆ ಹಲ್ಲಿಯಂಥದ್ದೊಂದು ಕೆಳಗೆ ಬಿದ್ದವು. ಮರುಗಳಿಗೆಗೆ ಜೇ ಹಕ್ಕಿಗಳು ಹುಡುಗಿಯ ಕಾಲಬುಡಕ್ಕೇ ಇಳಿದು ಹೆಕ್ಕತೊಡಗಿದವು. ಹೆದರಿಕೆ ಇರಲಿಲ್ಲ ಎಂದಲ್ಲ. ಹಸಿವು ಅದಕ್ಕಿಂತ ಜಾಸ್ತಿಯಿತ್ತು.

ಒಂದು ಮಾತ್ರ ಇಳಿಯಲಿಲ್ಲ. ಗಿಡ ಕಿತ್ತ ಜಾಗದಲ್ಲೇ ತಲೆಕೆಳಗಾಗಿ ಜೋತು, ಬರಿಯ ತೊಗಟೆಗೆ ಕೊಕ್ಕು ಹಾಕಿತು. ಹಾರಿಹೋಯಿತು. ತಿರುಗಿ ಬಂದು ಅಲ್ಲೇ ಮತ್ತೆ ಹುಡುಕಿತು.

"ಖಾಲಿ ಜಾಗದಲ್ಲಿ ಏನು ಹುಡುಕ್ತಿದೆ ಅಮ್ಮ?"

"ನಿನ್ನೆ ಅಲ್ಲಿ ಊಟ ಸಿಕ್ಕಿರುತ್ತೆ."

ಹೇಳಿದ ಮೇಲೆ ಓತಿಲಿಯಾಳಿಗೆ ತನ್ನ ಮಾತೇ ಕೇಳಿಸಿತು. ಹಿಮ ಬಿದ್ದ ಮೇಲೆ ಈ ಕಾಡಿನ ಎಲೆಗಳಲ್ಲಿ ಹುಳವಿಲ್ಲ; ಇರುವುದೆಲ್ಲ ಈ ಬಟ್ಟಲುಗಳಲ್ಲೇ. ಕೆಳಗಿನ ಬೋಳು ಮರಗಳಲ್ಲಿ ಜೇ ಹಕ್ಕಿ ಯಾಕೆ ಕಾಣುವುದಿಲ್ಲ ಎಂದು ಊರಲ್ಲಿ ಯಾರೂ ಕೇಳಿಕೊಂಡಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ.

ಎರಡನೆಯ ಗಿಡಕ್ಕೆ ಕೊಕ್ಕೆ ಹಾಕಿದಳು. ಎಳೆಯಲಿಲ್ಲ. ಕೊಟ್ಟಿದ್ದನ್ನ ವಾಪಸ್ ಕೇಳೋದೂ ಅದಕ್ಕೆ ಗೊತ್ತು ಎಂದ ಅತ್ತೆಯ ಮಾತು ನೆನಪಾಯಿತು. ಮಗಳು ಬೇರಿನ ಮೇಲೆ ಕೂತು ತೋರ್ತಿಯಾ ತಿನ್ನುತ್ತ, ನಡುವೆ ಕೆಮ್ಮುತ್ತ ಇದ್ದಳು. ಇಷ್ಟು ವರ್ಷ ತನ್ನ ಹೆಂಚಿನ ಮುಂದೆ ಕೂತು ಬಿಸಿಬಿಸಿಯಾಗಿ ತಿಂದು ಬೆಳೆದ ಮಗಳು. ಬೆಳಗ್ಗೆ ಎದ್ದು ಒಲೆ ಹಚ್ಚುವಾಗ, ಕೈಕಾಲು ಸೋತಿದ್ದರೂ, ತಿನ್ನಲು ಇವಳಿದ್ದಾಳಲ್ಲ ಎಂದು ಓತಿಲಿಯಾ ದಿನವೂ ನೆನೆಯುತ್ತಿದ್ದಳು. ಅಂಥ ಮಗಳನ್ನು ಕೊಟ್ಟವನಿಗೆ ಕೈಮುಗಿಯಲು ಇನ್ನೊಂದು ತಾಯಿಯ ಒಲೆ ಕಿತ್ತು ಒಯ್ಯುವುದೇ?

ಕೋಲು ಕೆಳಗಿಟ್ಟಳು. ಕಿತ್ತ ಗಿಡವನ್ನು ಕೈಗೆಟುಕುವ ಕವಲಿನಲ್ಲಿ ಕೂರಿಸಿ, ಚೀಲದ ದಾರದಿಂದ ಕಟ್ಟಿದಳು. ಒರತೆಯಿಂದ ಬೊಗಸೆಯಲ್ಲಿ ನೀರು ತಂದು ಬಟ್ಟಲಿಗೆ ಹೊಯ್ದಳು.

"ಹರಕೆ?" ಎಂದಳು ದೆಲ್ಫಿನಾ. ಅವಳಿಗೆ ಎಲ್ಲ ಗೊತ್ತಿತ್ತು.

"ಅವನ ಹತ್ರ ನಾನು ಮಾತಾಡ್ತೀನಿ. ನೀನು ಪೈನ್ ಕಾಯಿ ಆರಿಸು."

ಹಬ್ಬದ ಸಂಜೆ ಗೋದಲಿಯಲ್ಲಿ ಇದ್ದದ್ದು ನೆಲದಿಂದ ಬಾಚಿ ತಂದ ಪೈನ್ ಎಲೆ, ಕಾಯಿ, ಗಾಳಿಗೆ ಬಿದ್ದ ಕಲ್ಲುಹೂವು. ಪಕ್ಕದೂರಿನವರು ಬಂದು, ನೋಡಿ, ತಮಾಲೆ ಕಡುಬು ತಿನ್ನಲು ಹೋದರು.

"ಕೆಂಪು ಕೆಂಪು ಅಂದ್ಯಲ್ಲೇ, ಎಲ್ಲಿ?" ಎಂದಳು ಮಕ್ರೀನಾ.

"ನನ್ನ ಮುಖದಲ್ಲಿದೆ ನೋಡಕ್ಕ."

ಎಲ್ಲರೂ ಅತ್ತ ಸರಿದಾಗ ಓತಿಲಿಯಾ ಗೋದಲಿಯ ಮುಂದೆ ಮಂಡಿಯೂರಿದಳು. "ನಿನಗೇ ಅಂತ ನೋಡಿಟ್ಟಿದ್ದೆ ಕಂದಾ. ಹೋದ್ರೆ ಹಸಿದವು ಅಲ್ಲಿ ಊಟ ಮಾಡ್ತಿದ್ವು. ಬಿಟ್ಟು ಬಂದೆ. ನೀನು ಕೊಟ್ಟಿದ್ದಕ್ಕೆ ನಾನು ದಿನಾ ಕೈಮುಗೀತೀನಿ, ನಿನಗೆ ಗೊತ್ತಲ್ಲ. ಸಿಟ್ಟಿದ್ರೆ ನನ್ನ ಮೇಲಿರಲಿ, ಅವಳ ಮೇಲೆ ಬೇಡ."

ಅಂಗಳದಲ್ಲಿ ಮಕ್ಕಳು ಬಾಲಯೇಸುವಿಗೆ ಜೋಗುಳ ಹಾಡುತ್ತಿದ್ದರು. ದೆಲ್ಫಿನಾಳ ದನಿ ಅದರಲ್ಲಿ ಬೇರೆಯೇ ಕೇಳುತ್ತಿತ್ತು, ಒಡಕಾಗಿ, ಗಟ್ಟಿಯಾಗಿ. ಸೆನಾಯ್ದಾ ಬಿಸಿ ಜೋಳದ ಗಂಜಿಯ ಲೋಟ ತಂದು ಸೊಸೆಯ ಪಕ್ಕದಲ್ಲಿಟ್ಟಳು. "ಕುಡಿ. ನೆಲ ತಣ್ಣಗಿದೆ," ಎಂದಳು. ತಾನೂ ಕಷ್ಟಪಟ್ಟು ಮಂಡಿಯೂರಿದಳು.

ಓತಿಲಿಯಾ ಹರಕೆ ತೀರಿಸಲಿಲ್ಲ.