ಬುಧವಾರದ ಅತಿಥಿ

ಟೈಲರಕ್ಕನ ಗಂಡನಿಗೆ ಲಕ್ವ ಹೊಡೆದು ಎಂಟು ತಿಂಗಳಾಗಿತ್ತು. ಇಪ್ಪತ್ತಾರು ವರ್ಷ ಬಸ್ಸು ಓಡಿಸಿದ ಮನುಷ್ಯ. ಈಗ ಬಲಗೈ ಮೇಲೇಳುತ್ತಿರಲಿಲ್ಲ, ಬಲಗಾಲು ಎಳೆಯುತ್ತಿತ್ತು. ಅದನ್ನಾದರೂ ಹೇಗೋ ಸಹಿಸಿಕೊಳ್ಳಬಹುದಿತ್ತು. ಆದರೆ ಬಾಯಲ್ಲಿ ಉಳಿದದ್ದು ಒಂದೇ ಮಾತು, "ಆಯ್ತಾಯ್ತು." ಹಸಿವಾದರೂ ಆಯ್ತಾಯ್ತು, ಸಿಟ್ಟು ಬಂದರೂ ಆಯ್ತಾಯ್ತು.

ನೋಡಲು ಬಂದವರು ಅವನ ಎದುರಿಗೇ ಕೂತು, "ಪಾಪ, ಇವನಿಗೆ ಏನಾದ್ರೂ ತಿಳಿಯುತ್ತಾ?" ಅಂತ ಕೇಳುತ್ತಿದ್ದರು. ಟೈಲರಕ್ಕನ ಅತ್ತೆ ಕಣ್ಣೊರೆಸಿಕೊಂಡು, "ಎಲ್ಲಾ ಮರೆತು ಮಗು ಥರ ಆಗ್ಬಿಟ್ಟಿದ್ದಾನೆ" ಅನ್ನುತ್ತಿದ್ದಳು. ಡ್ರೈವರಣ್ಣ ಸುಮ್ಮನೆ ಅವರಿವರ ಮುಖ ನೋಡುತ್ತಿದ್ದ.

ದಿನಾ ಸಂಜೆ ನಾಲ್ಕು ಗಂಟೆಯಾಯಿತೆಂದರೆ ಮಾತ್ರ ಅವನನ್ನು ಹಿಡಿಯುವುದು ಕಷ್ಟ. ಎಡಗೈಯಿಂದ ಮಂಚ ಬಡಿದು, ಬಾಗಿಲ ಕಡೆ ತೋರಿಸಿ, "ಆಯ್ತಾಯ್ತು! ಆಯ್ತಾಯ್ತು!" ಅಂತ ಕೂಗುತ್ತಿದ್ದ. ಟೈಲರಕ್ಕ ಮಷಿನ್ ಬಿಟ್ಟು ಓಡಿ ಬಂದು ನೀರು ಕುಡಿಸುತ್ತಿದ್ದಳು, ಬಚ್ಚಲಿಗೆ ಕರೆದೊಯ್ಯುತ್ತಿದ್ದಳು, ದಿಂಬು ಬದಲಾಯಿಸುತ್ತಿದ್ದಳು. ಏನು ಮಾಡಿದರೂ ಅವನು ಕೊನೆಗೆ ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದ.

ಅಂಥ ಒಂದು ಸಂಜೆ ಟಪಾಲು ಹಂಚುವ ಪೋಸ್ಟಣ್ಣ ತನ್ನ ಹರಿದ ಚೀಲ ಹೊಲಿಸಲು ಬಂದ. ಒಳಗಿನ ಕೂಗು ಅವನ ಕಿವಿಗೂ ಬಿತ್ತು.

"ಅಕ್ಕಾ, ಬುಧವಾರ ಸಾಯಂಕಾಲ ನಮ್ಮ ಸೇವಾ ಸಂಘಕ್ಕೆ ಬನ್ನಿ."

"ಸಂಘನಾ? ಹಾರ ಹಾಕಿಸ್ಕೊಂಡು ಫೋಟೋ ತೆಗೆಸ್ಕೊಳ್ಳೋರ ಕೂಟ ಅದು. ನನಗೆ ಹನ್ನೆರಡು ಯೂನಿಫಾರ್ಮ್ ಹೊಲಿಯೋದಿದೆ."

"ಹಾರಾನೂ ಇಲ್ಲ, ತುರಾಯಿನೂ ಇಲ್ಲ. ವಾರಕ್ಕೊಬ್ಬರು ಬಂದು ತಮಗೆ ಗೊತ್ತಿರೋದನ್ನ ಹೇಳಿಕೊಡ್ತಾರೆ. ಹೋದ ವಾರ ಲೈನ್‌ಮನ್ ಬಂದಿದ್ದ, ಕರೆಂಟ್ ಹೊಡೆದೋರನ್ನ ಮುಟ್ಟೋ ಮೊದಲು ಏನು ಮಾಡ್ಬೇಕು ಅಂತ ತೋರಿಸಿದ. ಈ ವಾರ ಆಸ್ಪತ್ರೆಯಿಂದ ಮಾತು ಕಲಿಸೋ ಮೇಡಂ ಬರ್ತಾರೆ. ನಮ್ಮ ಡ್ರೈವರಣ್ಣನಂಥೋರ ಬಗ್ಗೇನೇ ಹೇಳ್ತಾರಂತೆ."

"ಭಾಷಣ ಕೇಳಿದ್ರೆ ಮಾತು ವಾಪಸ್ ಬರುತ್ತಾ ಅಣ್ಣಾ?"

"ಅದು ನನಗೆ ಗೊತ್ತಿಲ್ಲ. ಒಂದು ಗಂಟೆ ಅಷ್ಟೆ. ಇಷ್ಟ ಆಗ್ಲಿಲ್ಲ ಅಂದ್ರೆ ಎದ್ದು ಬನ್ನಿ, ಯಾರೂ ಬಾಗಿಲಿಗೆ ಅಡ್ಡ ನಿಲ್ಲಲ್ಲ."

ಅಷ್ಟರಲ್ಲಿ ಪ್ರಿಂಟಿಂಗ್ ಪ್ರೆಸ್ಸಿನ ಕೆಲಸ ಮುಗಿಸಿ ಬಂದ ಮಗಳು, "ಹೋಗಮ್ಮಾ, ಅಪ್ಪನ್ನ ನಾನು ನೋಡ್ಕೋತೀನಿ" ಅಂದಳು.

ಸಂಘ ಸೇರುತ್ತಿದ್ದದ್ದು ಲೈಬ್ರರಿಯ ಮಹಡಿ ಮೇಲೆ. ಮೂವತ್ತು ಕುರ್ಚಿ, ಒಂದು ಕರಿಹಲಗೆ, ಕಿರುಗುಟ್ಟುವ ಫ್ಯಾನು. ಟೈಲರಕ್ಕ ಬಾಗಿಲ ಪಕ್ಕದಲ್ಲೇ ಕೂತಳು, ಬೇಗ ಏಳಬಹುದು ಅಂತ.

ಮೇಡಂ ಭಾಷಣ ಶುರುಮಾಡಲೇ ಇಲ್ಲ. ಒಂದು ಚೀಟಿ ಬರೆದು ಪೋಸ್ಟಣ್ಣನ ಕೈಗಿಟ್ಟರು. "ಇದರಲ್ಲಿರೋದನ್ನ ಇವರಿಗೆಲ್ಲಾ ತಿಳಿಸಿ. ಆದರೆ ನೀವು 'ಪೆನ್ಸಿಲ್' ಅನ್ನೋ ಒಂದು ಪದ ಬಿಟ್ಟು ಬೇರೆ ಏನೂ ಆಡೋ ಹಾಗಿಲ್ಲ."

ಪೋಸ್ಟಣ್ಣ ಕಣ್ಣು ಮುಟ್ಟಿ, "ಪೆನ್ಸಿಲ್" ಅಂದ.

"ನಿದ್ದೆ ಬರ್ತಿದೆಯಾ?" ಯಾರೋ ಕೇಳಿದರು. ಅಲ್ಲ. "ತಲೆನೋವಾ?" ಅಲ್ಲ. "ಕಣ್ಣಿಗೆ ಧೂಳು ಬಿತ್ತಾ?" ಎಲ್ಲರೂ ಒಟ್ಟೊಟ್ಟಿಗೆ ಕೇಳತೊಡಗಿದರು, ನಗತೊಡಗಿದರು. ಪೋಸ್ಟಣ್ಣ ಬೆವತು ಹೋದ. "ಪೆನ್ಸಿಲ್! ಪೆನ್ಸಿಲ್!" ಅಂತ ಕುರ್ಚಿಯ ಕೈ ಬಡಿದೇಬಿಟ್ಟ.

ನಗು ನಿಂತಿತು. ಮಂಚ ಬಡಿಯುವ ಕೈ ಟೈಲರಕ್ಕನ ಕಣ್ಣಿಗೆ ಕಟ್ಟಿತು.

"'ನನ್ನ ಕನ್ನಡಕ ಒಡೆದಿದೆ.' ಚೀಟೀಲಿ ಇದ್ದದ್ದು ಇಷ್ಟೇ," ಅಂದರು ಮೇಡಂ. "ಇವರಿಗೆ ಬುದ್ಧಿ ಹೋಗಿತ್ತಾ? ಇಲ್ಲ. ಮಾತಿಗೆ ದಾರಿ ಸಿಗಲಿಲ್ಲ. ಲಕ್ವ ಹೊಡೆದ ಎಷ್ಟೋ ಜನರ ಕಥೆ ಇದೇ. ಅವರ ಹತ್ತಿರ ಮಾತಾಡುವಾಗ ಟಿವಿ, ರೇಡಿಯೋ ಆರಿಸಿ. ಎದುರಿಗೆ ಕೂತು ಮುಖ ನೋಡಿ ಮಾತಾಡಿ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ. ಕೇಳಿದ ಮೇಲೆ ಮನಸ್ಸಲ್ಲೇ ಹತ್ತು ಎಣಿಸೋವರೆಗೆ ಕಾಯಿರಿ. ಚಿತ್ರ ಬರೆದು ತೋರಿಸಿ. ಅವರ ಎದುರಿಗೇ, ಅವರು ಅಲ್ಲಿ ಇಲ್ಲವೇನೋ ಅನ್ನೋ ಹಾಗೆ ಅವರ ಬಗ್ಗೆ ಮಾತಾಡ್ಬೇಡಿ. ಇನ್ನೊಂದು ಮಾತು ಮರೀಬೇಡಿ. ಯಾರದಾದ್ರೂ ಮುಖ ಸೊಟ್ಟಗಾದ್ರೆ, ಕೈ ಜೋತುಬಿದ್ರೆ, ಮಾತು ತೊದಲಿದ್ರೆ ಒಂದು ಕ್ಷಣಾನೂ ತಡ ಮಾಡದೆ ಆಸ್ಪತ್ರೆಗೆ ಕರ್ಕೊಂಡು ಹೋಗಿ."

ಟೈಲರಕ್ಕ ಎದ್ದು ನಿಂತಳು, ಹೋಗಲಿಕ್ಕಲ್ಲ. "ಎಂಟು ತಿಂಗಳಾಗಿದೆ ಮೇಡಂ. ತಡವಾಯ್ತಾ?"

"ಮೊದಮೊದಲು ಬೇಗ ಸುಧಾರಿಸುತ್ತೆ, ನಿಜ. ಆದರೆ ವರ್ಷ ಕಳೆದ ಮೇಲೂ ಕಲಿತವರನ್ನ ನೋಡಿದ್ದೀನಿ. ಎಷ್ಟು ಬರುತ್ತೆ ಅಂತ ನಾನು ಹೇಳಲಾರೆ. ಕೂತು ಮಾತಾಡಿಸೋರು ಬೇಕು, ಅಷ್ಟು ಹೇಳ್ತೀನಿ."

ಸಂಘದ ಅಧ್ಯಕ್ಷೆ ಹಲಗೆ ಮೇಲೆ ಬರೆದರು: ಇಂಥೋರ ಜೊತೆ ಕೂತು ಮಾತಾಡಿಸೋಕೆ ವಾರಕ್ಕೆ ಒಂದು ಗಂಟೆ ಯಾರು ಕೊಡ್ತೀರಿ? ಕ್ಷೌರದಂಗಡಿಯವನು ಕೈ ಎತ್ತಿದ. ನಿವೃತ್ತಿಯಾದ ಮೇಷ್ಟ್ರು ಎತ್ತಿದರು. ಪೋಸ್ಟಣ್ಣನ ಕೈ ಎಲ್ಲರಿಗಿಂತ ಮೊದಲೇ ಮೇಲಿತ್ತು.

ದಾರಿಯಲ್ಲಿ ಟೈಲರಕ್ಕ ಕೇಳಿದಳು, "ದಿನವಿಡೀ ಊರು ಸುತ್ತಿ ಸಾಕಾಗಿರ್ತೀರಿ. ಮತ್ತೆ ಇದೂ ಯಾಕಣ್ಣಾ?"

"ನಮ್ಮಮ್ಮ ಹೀಗೇ ಎರಡು ವರ್ಷ ಮಲಗಿದ್ರು ಅಕ್ಕಾ. ನಾವು ಯಾರೂ ಅವರನ್ನ ಒಂದು ಮಾತು ಕೇಳ್ಲಿಲ್ಲ. ಕೇಳ್ಬಹುದು ಅಂತ್ಲೇ ನಮಗೆ ಗೊತ್ತಿರ್ಲಿಲ್ಲ."

ಮಾರನೆಯ ದಿನ ನಾಲ್ಕಕ್ಕೆ ಮಂಚದ ಸದ್ದು ಶುರುವಾಯಿತು. ಟೈಲರಕ್ಕ ರೇಡಿಯೋ ಆರಿಸಿ, ಸ್ಟೂಲು ಎಳೆದು ಗಂಡನ ಎದುರು ಕೂತಳು. ಅವತ್ತು ರಜೆ ಹಾಕಿದ್ದ ಮಗಳು ರಟ್ಟಿನ ಮೇಲೆ ಚಿತ್ರ ಬರೆದಳು: ನೀರಿನ ಲೋಟ, ಕಂಬಳಿ, ಬಚ್ಚಲು, ಹೊಲಿಗೆ ಮಷಿನ್.

ಡ್ರೈವರಣ್ಣ ಮಷಿನ್ ಮೇಲೆ ಬೆರಳಿಟ್ಟ.

"ಮಷಿನ್ ಸದ್ದು ಜಾಸ್ತಿ ಆಯ್ತಾ ರೀ?"

ಅವನು ಅಲ್ಲವೆಂದು ಜೋರಾಗಿ ತಲೆ ಅಲ್ಲಾಡಿಸಿದ. ಅವಳು ಮನಸ್ಸಲ್ಲೇ ಎಣಿಸುತ್ತಾ ಕಾದಳು. ನಾಲ್ಕು, ಐದು, ಆರು... ಅವನು ಮತ್ತೆ ಚಿತ್ರ ಮುಟ್ಟಿದ, ತನ್ನ ಎದೆ ಮುಟ್ಟಿಕೊಂಡ, ಬಾಗಿಲ ಕಡೆ ತೋರಿಸಿದ.

"ಅಪ್ಪಾ, ನಿನಗೆ ಅಮ್ಮನ ಮಷಿನ್ ಹತ್ತಿರ ಕೂರಬೇಕಾ?" ಅಂದಳು ಮಗಳು.

"ಆಯ್ತಾಯ್ತು," ಅಂದ ಅವನು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು.

ಸದ್ದಿನಿಂದ ದೂರ ನೆಮ್ಮದಿಯಾಗಿರಲಿ ಅಂತ ಅವನನ್ನು ಹಿಂದಿನ ಕೋಣೆಗೆ ಹಾಕಿದವರು ಅವರೇ. ಇಬ್ಬರೂ ಸೇರಿ ಅವನನ್ನು ಮುಂಬಾಗಿಲಿಗೆ ಕರೆತಂದು ಮಷಿನ್ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಸ್ವಲ್ಪ ಹೊತ್ತಿಗೆ ರಸ್ತೆಯಲ್ಲಿ ಬಸ್ಸು ಬಂತು. ಅವನೇ ವರ್ಷಾನುಗಟ್ಟಲೆ ಓಡಿಸಿದ, ನಾಲ್ಕಕ್ಕೆ ಸ್ಟ್ಯಾಂಡ್ ಬಿಡುವ ಬಸ್ಸು. ಹೊಸ ಡ್ರೈವರು ಇವನನ್ನು ಕಂಡು ಎರಡು ಸಲ ಹಾರ್ನ್ ಹೊಡೆದ. ಡ್ರೈವರಣ್ಣ ಎಡಗೈ ಎತ್ತಿ ಸಲಾಮು ಹಾಕಿದ.

ಅತ್ತೆ ಮಗನ ಕೆನ್ನೆ ಹಿಡಿದುಕೊಂಡಳು. "ನಿನಗೆ ಎಲ್ಲಾ ತಿಳೀತಿತ್ತಾ ನನ್ನಪ್ಪಾ! ನಾವೇ ತಿಳ್ಕೊಳ್ಲಿಲ್ಲವಲ್ಲೋ!"

ಅಲ್ಲಿಂದ ಸೋಮವಾರ ಕ್ಷೌರದಂಗಡಿಯವನು, ಮಂಗಳವಾರ ಪೋಸ್ಟಣ್ಣ, ಶುಕ್ರವಾರ ಮೇಷ್ಟ್ರು ಬರತೊಡಗಿದರು. ಆಸ್ಪತ್ರೆಗೆ ಕರೆದೊಯ್ದಾಗ ಮೇಡಂ ಅವನಿಗೆ ಕಲಿಸಿದ್ದನ್ನೇ ಮನೆಯಲ್ಲಿ ಕೂತು ಮತ್ತೆ ಮತ್ತೆ ಹೇಳಿಸಿದರು. ಒಂದು ವಾರ ಒಂದು ಪದ ಬಂದರೆ ಎರಡು ವಾರ ಏನೂ ಬರುತ್ತಿರಲಿಲ್ಲ. ಅವರು ಬರುವುದನ್ನು ಮಾತ್ರ ತಪ್ಪಿಸಲಿಲ್ಲ. ಮಳೆ ಬಂದ ದಿನ ಮೇಷ್ಟ್ರು ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ಬಂದಿದ್ದರು.

ಐದು ತಿಂಗಳ ಮೇಲೆ ಅಧ್ಯಕ್ಷೆ ಮನೆಗೇ ಬಂದರು. "ಮುಂದಿನ ಬುಧವಾರದ ಅತಿಥಿ ನಮ್ಮ ಡ್ರೈವರಣ್ಣ."

ಅತ್ತೆ ಹೌಹಾರಿದಳು. "ಇವನನ್ನ ಭಾಷಣಕ್ಕೆ ಕರೀತೀರಾ? ಜನ ನಗ್ತಾರೆ ತಾಯಿ!"

ಡ್ರೈವರಣ್ಣ ಗೂಟದ ಮೇಲಿದ್ದ ಅಂಗಿ ಕಡೆ ಕೈ ತೋರಿಸಿದ. ಏನು ಬೇಕು ಅಂತ ಹೆಂಡತಿ ಕೇಳುವ ಅಗತ್ಯ ಬೀಳಲಿಲ್ಲ.

ಬುಧವಾರ ಮೂವತ್ತು ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಅವನು ಬಾಯಿ ತೆರೆದ. ಏನೂ ಹೊರಡಲಿಲ್ಲ. ಯಾರೂ ನಗಲಿಲ್ಲ, ಯಾರೂ ಮಾತು ಎತ್ತಿಕೊಡಲಿಲ್ಲ. ಎಲ್ಲರೂ ಕಾದರು.

"ನಾನು... ಡ್ರೈವರ್."

ಮತ್ತೆ ಕಾದರು. ಅವನು ಪೋಸ್ಟಣ್ಣನ ಕಡೆ ತಿರುಗಿದ. "ಇವನು... ಬಂದ."

ಆಮೇಲೆ ಹೆಂಡತಿಯನ್ನು ಹುಡುಕಿದ. ಅವಳು ಅದೇ ಬಾಗಿಲ ಪಕ್ಕದಲ್ಲಿದ್ದಳು.

"ಇವಳು... ಕೇಳಿದಳು."

ಆ ಸಂಜೆ ಹೊರಡುವ ಮುಂಚೆ ಟೈಲರಕ್ಕ ಹಲಗೆಯ ಹತ್ತಿರ ಹೋಗಿ, ಅಲ್ಲಿದ್ದ ವಾರದ ಪಟ್ಟಿಯಲ್ಲಿ ಗುರುವಾರದ ಎದುರು ತನ್ನ ಹೆಸರು ಬರೆದಳು. ಬೀದಿಯ ಬಡಗಿಯ ಹೆಂಡತಿಗೂ ಲಕ್ವ ಹೊಡೆದು ಮಾತು ನಿಂತು ಒಂದು ತಿಂಗಳಾಗಿತ್ತು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಬೀದಿಯಲ್ಲೂ ಇಂಥ ಒಂದು ಸಂಘ ಇದ್ದೀತು. ಒಂದು ಸಂಜೆ ಹೋಗಿ ಕೇಳಿ. ಇಲ್ಲದಿದ್ದರೆ ನಾಲ್ಕು ಜನ ಸೇರಿ ನೀವೇ ಶುರುಮಾಡಿ. ನಿಮಗೆ ಗೊತ್ತಿರುವ ಕೆಲಸವನ್ನು ಅಲ್ಲಿ ಹೇಳಿಕೊಡಿ, ವಾರಕ್ಕೆ ಒಂದು ಗಂಟೆ ಕೊಡಿ. ನಿಮ್ಮದೇ ಸಾಲಿನ ಯಾವುದೋ ಮನೆಯ ಹಿಂದಿನ ಕೋಣೆಯಲ್ಲಿ ಒಬ್ಬರು ಮಂಚ ಬಡಿಯುತ್ತಿರಬಹುದು. ಹೋಗಿ, ಎದುರಿಗೆ ಕೂತು, ಏನು ಬೇಕು ಅಂತ ಕೇಳಿ. ಕೇಳಿದ ಮೇಲೆ ಸ್ವಲ್ಪ ಕಾಯಿರಿ.